ಕುಸುಬಿ ಎಣ್ಣಿ ಹೋಗಿ ಪಾಮ್ ಎಣ್ಣಿ ಹೆಂಗ ಬಂತು

ನವಲಗುಂದ, ನರಗುಂದ, ಗದಗ ಕಡೆ ಎರಿ ಹೊಲದಾಗ ಹಿಂಗಾರಿ ಜೋಳದ ಸುತ್ತ ಕುಸುಬಿ ಸಾಲು ಹಾಕ್ತಿದ್ರು, ಮುಳ್ಳಿಗೆ ಹೆದರಿ ದನ ಒಳಗ ಬರ್ತಿರ್ಲಿಲ್ಲ, ಸುಗ್ಗಿ ಆದಮ್ಯಾಲ ಅದ ಕಾಳು ಗಾಣಕ್ಕ ಹೋಗಿ ಮನಿಗೆ ಎಣ್ಣಿ ಆಗ್ತಿತ್ತು. ನಮ್ಮ ಮನ್ಯಾಗ ಒಗ್ಗರಣಿ ಅಂದ್ರ ಕುಸುಬಿ ಇಲ್ಲಾ ಶೇಂಗಾ ಎಣ್ಣಿ. ಈಗ ಹುಬ್ಬಳ್ಳಿ ಕಿರಾಣಿ ಅಂಗಡ್ಯಾಗ ಸಾಲಾಗಿ ಕುಂತಿರೋ ಪಾಕೀಟು ನೋಡ್ರಿ, ಪಾಮ್ ಎಣ್ಣಿ ಇಂಡೋನೇಷ್ಯಾ, ಮಲೇಷ್ಯಾದ್ದು, ಸನ್‌ಫ್ಲವರ್ ರಷ್ಯಾ, ಉಕ್ರೇನ್ ಕಡೀದು. ಇದರ ಹಿಂದ ದಿಲ್ಲ್ಯಾಗ 30 ವರ್ಷ ಏರಿಸಿ ಇಳಿಸಿದ ಆಮದು ಸುಂಕದ ಕಥಿ ಐತಿ.

ಮೊದ್ಲ ಹೊರಗಿಂದ ಎಣ್ಣಿ ತರೋದು ಸರ್ಕಾರದ ವ್ಯಾಪಾರ ಕಂಪನಿ ಎಸ್‌ಟಿಸಿ ಕೈಯಾಗ ಇತ್ತು. 1986ರಾಗ ಎಣ್ಣಿಕಾಳು ಮಿಷನ್ ಶುರುವಾತು, ಚಲೋ ಬೀಜ ಬಂತು, ರೇಟೂ ಸಿಕ್ತು, 1993-94ರ ಹೊತ್ತಿಗೆ ದೇಶಕ್ಕ ಬೇಕಾದ ಎಣ್ಣಿ ಬಹುತೇಕ ಎಲ್ಲಾ ಇಲ್ಲೇ ಆಗ್ತಿತ್ತು. ಹಳದಿ ಕ್ರಾಂತಿ ಅಂದ್ರು. ಅದು ನಮ್ಮ ರೈತರು ಮಾಡಿ ತೋರಿಸಿದ್ದು, ಮರೀಬಾರದು.

ಆಮೇಲೆ 1994ರಾಗ 65% ಸುಂಕ ಇಟ್ಟು ಪಾಮೋಲಿನ್ (ಪಾಮ್ ಎಣ್ಣಿಯಿಂದ ತಗದ ತಿಳಿ ಎಣ್ಣಿ) ತರಾಕ ಖಾಸಗಿಯವರಿಗೂ ಬಿಟ್ರು, ಮರುವರ್ಷ ಉಳಿದ ಎಣ್ಣಿ ತರಾಕೂ ಅವಕಾಶ ಕೊಟ್ಟು ಸುಂಕ 30ಕ್ಕ ಇಳಿಸಿದ್ರು, 1998ರಾಗ 15ಕ್ಕ ಬಂತು. ನಾಲ್ಕ ವರ್ಷದಾಗ 65 ಇದ್ದದ್ದು 15! ಅಗ್ಗದ ಎಣ್ಣಿ ಬಂದು ಬಿತ್ತು, ಎಣ್ಣಿಕಾಳು ಬೆಳೆದಾಂವ ರೇಟ್ ಸಿಗದ ಕುಂತ. ಆಗ ಎಚ್ಚರಾಗಿ 2001ರಾಗ ಕಚ್ಚಾ, ಅಂದ್ರ ರಿಫೈನ್ ಮಾಡದ, ಪಾಮ್ ಎಣ್ಣಿಗೆ 75% ಮಾಡಿದ್ರು, ಆದ್ರ ಡಬ್ಲ್ಯುಟಿಓ (ವಿಶ್ವ ವ್ಯಾಪಾರ ಸಂಸ್ಥೆ) ಒಪ್ಪಂದದಾಗ ಒಂದು ಗಂಟು ಐತಿ, ಪಾಮ್‌ಗೆ 300% ತನಕ ಹಾಕಬಹುದು, ಸೋಯಾ ಎಣ್ಣಿಗೆ 45% ದಾಟೋಹಂಗಿಲ್ಲ. ಹಿಂಗಾಗಿ ಪಾಮ್‌ಗೆ ಏರಿಸಿದ್ರ ವ್ಯಾಪಾರಸ್ಥರು ಅರ್ಜೆಂಟೀನಾ, ಬ್ರೆಜಿಲ್ ಸೋಯಾ ಎಣ್ಣಿಗೆ ಹೊರಳ್ತಾರ.

2008ರ ಏಪ್ರಿಲ್‌ನಾಗ ಜಗತ್ತಿನಾಗೆಲ್ಲಾ ರೇಟ್ ಏರಿತ್ತು ಅಂತ ಕಚ್ಚಾ ಅಡಿಗಿ ಎಣ್ಣಿ ಸುಂಕ ಸೊನ್ನೆ ಮಾಡಿದ್ರು. ಅದು ಸರಿ ಅಂತ ಇಟ್ಕೋರಿ, ಆದ್ರ ಅದ ವರ್ಷದ ಕೊನಿಗೆ ರೇಟ್ ಬಿದ್ರೂ ಪಾಮ್ ಎಣ್ಣಿಗೆ ಸೊನ್ನೆ 2013ರ ತನಕ ಹಂಗ ಉಳೀತು, ನನಗ ಭಾಳ ಸಂಕಟ ಆಗೋದು ಇಲ್ಲೇ. ಸನ್‌ಫ್ಲವರ್ ಬೆಳಿಯೊಳಗ ಕರ್ನಾಟಕನ ಮುಂದಿತ್ತು, ಆಮ್ಯಾಲ ಆ ಬೆಳಿ ಕಡಿಮಿ ಆತು, ರೋಗ, ಹಕ್ಕಿ ಕಾಟನೂ ಇತ್ತು ಖರೆ, ಆದ್ರ ರೇಟ್ ಚಲೋ ಇದ್ದಿದ್ರ ರೈತ ಹಕ್ಕಿ ಕಾಯ್ಕೊಂಡಾದ್ರೂ ಬೆಳೀತಿದ್ದ.

2010ರಾಗ ಆಸಿಯಾನ್ (ಇಂಡೋನೇಷ್ಯಾ, ಮಲೇಷ್ಯಾ ಸೇರಿದ ಆಗ್ನೇಯ ಏಷ್ಯಾ ದೇಶಗಳ ಕೂಟ) ಜೊತಿ ವ್ಯಾಪಾರ ಒಪ್ಪಂದ ಜಾರಿಗೆ ಬಂತು, ಅದಕ್ಕೂ ಮಲೇಷ್ಯಾ ಜೊತಿಗಿನ ಬ್ಯಾರೆ ಒಪ್ಪಂದಕ್ಕೂ ಕೂಡಿ 2019ರಾಗ ಮಲೇಷ್ಯಾದ ರಿಫೈಂಡ್ ಪಾಮ್‌ಗೆ ಸುಂಕ 45%, ಇಂಡೋನೇಷ್ಯಾದ್ದಕ್ಕ 50% ಆತು. ಮಲೇಷ್ಯಾದಿಂದ ತಯಾರ್ ಎಣ್ಣಿನ ಸುರೀತು, ನಮ್ಮ ರಿಫೈನರಿಗಳು ಒದರಾಡಿದ್ಮ್ಯಾಲ ಸೆಪ್ಟೆಂಬರ್‌ನಾಗ 5% ಹೆಚ್ಚಿಗಿ ಹಾಕಿದ್ರು.

ಈಚಿಗೂ ಹಿಂಗ ನಡದೈತಿ. 2024ರ ಸೆಪ್ಟೆಂಬರ್‌ನಾಗ ಕಚ್ಚಾ ಅಡಿಗಿ ಎಣ್ಣಿ ಮ್ಯಾಲ ಸುಂಕ ಎಲ್ಲಾ ಸೇರಿ 5.5% ಇದ್ದದ್ದು 27.5% ಆತು, 2025ರ ಮೇ ಕೊನಿಗೆ 16.5ಕ್ಕ ಇಳೀತು. ಅದ ಹೊತ್ತಿಗೆ ನಮ್ಮ ಕಡೆ ರೈತರು ಮುಂಗಾರಿಗೆ ಶೇಂಗಾ ಬೀಜ ತರಾಕ ಓಡಾಡ್ತಿದ್ರು.