ಬಿಸಿಲು ಜಾಸ್ತಿ ಆದ್ರೆ ಕಾಡಿಗೆ ತಾನಾಗೇ ಬೆಂಕಿ ಬೀಳುತ್ತಾ? ಇಲ್ಲ ಅಂದ್ರೆ ಹೊಣೆ ಯಾರದ್ದು?

ಫೆಬ್ರವರಿ ಬಂತು ಅಂದ್ರೆ ಓದುಗರಿಂದ ಈ ಪ್ರಶ್ನೆ ಬರೋಕೆ ಶುರು ಆಗುತ್ತೆ. ಬಂಡೀಪುರದ ಕಡೆಯಿಂದಲೋ ಪಶ್ಚಿಮ ಘಟ್ಟದ ಯಾವುದೋ ಬೆಟ್ಟದಿಂದಲೋ ಹೊಗೆ ಏಳೋ ವಿಡಿಯೋ ಬರ್ತಿದ್ದ ಹಾಗೇ ಕೇಳ್ತಾರೆ, ಇಷ್ಟು ಬಿಸಿಲಿದೆ, ಬಿದಿರಿಗೆ ಬಿದಿರು ತಿಕ್ಕಿ ಹತ್ಕೊಂಡಿರಬೇಕು ಅಲ್ವಾ, ಇಲ್ಲಾ ಯಾರಾದ್ರೂ ಬೇಕಂತ್ಲೇ ಹಚ್ತಾರಾ ಅಂತ.

ನೇರವಾಗಿ ಹೇಳ್ತೀನಿ. ನಮ್ಮ ಕಡೆ ಕಾಡಿಗೆ ಬೆಂಕಿ ಬೀಳೋದು ಹೆಚ್ಚುಕಮ್ಮಿ ಎಲ್ಲಾ ಸಲನೂ ಮನುಷ್ಯರಿಂದಲೇ. ಒಣ ಎಲೆ ತಾನಾಗೇ ಹೊತ್ಕೋಬೇಕು ಅಂದ್ರೆ 200 ಡಿಗ್ರಿಗಿಂತ ಜಾಸ್ತಿ ಶಾಖ ಬೇಕು, ನಮ್ಮ ಎಂಥಾ ಕೆಟ್ಟ ಬೇಸಿಗೆಯಲ್ಲೂ ನೆಲ ಅದರ ಅರ್ಧದಷ್ಟೂ ಕಾಯಲ್ಲ. ಕೆನಡಾ, ಆಸ್ಟ್ರೇಲಿಯಾ ಕಡೆ ಮಳೆ ಇಲ್ಲದೇ ಬರೀ ಸಿಡಿಲು ಹೊಡೆದು ಕಾಡು ಹತ್ಕೊಳ್ಳೋದು ನಿಜ, ಆದ್ರೆ ನಮ್ಮಲ್ಲಿ ಫೆಬ್ರವರಿಯಲ್ಲಿ ಸಿಡಿಲು ಎಲ್ಲಿಂದ ಬರ್ಬೇಕು ಹೇಳಿ, ಏಪ್ರಿಲ್ ಮೇನಲ್ಲಿ ಬಂದ್ರೂ ಸಾಮಾನ್ಯವಾಗಿ ಮಳೆನೂ ಕರ್ಕೊಂಡೇ ಬರುತ್ತೆ. ಬಿದಿರಿನ ಕಥೆ ಅಜ್ಜನ ಕಾಲದಿಂದ ಕೇಳ್ತಾ ಬಂದಿದೀವಿ ನಿಜ, ಆದ್ರೆ ವರ್ಷ ವರ್ಷ ಬೆಂಕಿ ಏಳೋ ಜಾಗಗಳನ್ನ ನೋಡಿ, ರಸ್ತೆ ಅಂಚು, ಊರಂಚು, ದನ ಹೋಗೋ ದಾರಿ, ಟ್ರೆಕ್ಕಿಂಗ್ ಹೋಗೋ ಬೆಟ್ಟ, ಇವೇ ಜಾಸ್ತಿ. ಜನ ಓಡಾಡೋ ಕಡೆ ಮಾತ್ರ ಬಿದಿರು ತಿಕ್ಕುತ್ತಾ?

ಬಿಸಿಲಿನ ಪಾತ್ರ ಏನೂ ಇಲ್ವಾ ಅಂದ್ರೆ ತುಂಬಾ ಇದೆ, ಅದು ಕಾಡನ್ನ ರೆಡಿ ಮಾಡಿ ಇಡುತ್ತೆ ಅಷ್ಟೇ, ಕಡ್ಡಿ ಗೀರೋ ಕೈ ಬೇರೆ. ಹೊಸ ಹುಲ್ಲು ಚಿಗುರಲಿ ಅಂತ ಹಚ್ಚೋರಿದಾರೆ, ಉದುರಿದ ಜಿಂಕೆ ಕೊಂಬು ಸುಲಭವಾಗಿ ಕಾಣ್ಲಿ ಅಂತ ಹಚ್ಚೋರಿದಾರೆ, ಜೇನು ಇಳಿಸೋಕೆ ಹೊಗೆ ಹಾಕಿದ ಸೂಡಿ ಸರಿಯಾಗಿ ಆರಿಸ್ದೇ ಬರೋದು, ಹೊಲದ ಬದು ಸುಡೋವಾಗ ಗಾಳಿ ತಿರುಗೋದು, ಇಲಾಖೆ ಮೇಲಿನ ಸಿಟ್ಟು, ಕಾರಿನ ಕಿಟಕಿಯಿಂದ ಎಸೆದ ಸಿಗರೇಟು, ಎಲ್ಲಾನೂ ಇದೆ. ಈ ಕೊನೇದನ್ನ ಸಿಟಿಯವರು ಸಲೀಸಾಗಿ ಮರೀತಾರೆ, ಬೆಂಕಿ ಅಂದ ತಕ್ಷಣ ಹಾಡಿಯವರ, ಅಂದ್ರೆ ಕಾಡಲ್ಲಿರೋ ಬುಡಕಟ್ಟು ಜನರ ಕಡೆ ಬೆರಳು ತೋರ್ಸೋದು ಅಭ್ಯಾಸ ಆಗಿಬಿಟ್ಟಿದೆ, ಇದು ನನಗೆ ಸ್ವಲ್ಪನೂ ಸರಿ ಅನ್ಸಲ್ಲ.

2019ರ ಬಂಡೀಪುರದ ಬೆಂಕಿ ಎಲ್ಲರಿಗೂ ನೆನಪಿರುತ್ತೆ. ಫೆಬ್ರವರಿ 21ರ ಸುಮಾರಿಗೆ ಶುರು ಆಗಿದ್ದು ಗೋಪಾಲಸ್ವಾಮಿ ಬೆಟ್ಟದ ಕಡೆಗೆಲ್ಲಾ ಹಬ್ಬಿ, ಗುಂಡ್ಲುಪೇಟೆ ಊಟಿ ರಸ್ತೆ ಪಕ್ಕದಲ್ಲೇ ಧಗಧಗ ಉರೀತು. ವಾಯುಪಡೆ ಹೆಲಿಕಾಪ್ಟರ್ ಬಕೆಟ್ಟಲ್ಲಿ ನೀರು ಸುರಿಯೋಕೆ ಬಂದಿದ್ದು 25ಕ್ಕೆ. ಅಷ್ಟರಲ್ಲಿ ಕಾಡು ಹೋಗಿತ್ತು, ಇಲಾಖೆ ಲೆಕ್ಕದಲ್ಲೇ ಸುಟ್ಟಿದ್ದು ಹತ್ತು ಸಾವಿರ ಎಕರೆಗೂ ಮೇಲೆ. ಆಮೇಲೆ ಸ್ಥಳೀಯರನ್ನ ಅರೆಸ್ಟ್ ಮಾಡಿದ್ರು, ಹುಲಿ ಕಾಟಕ್ಕೆ ಹೆದರಿ ಹಚ್ಚಿದ್ರು ಅನ್ನೋ ಮಾತು ಇಲಾಖೆ ಕಡೆಯಿಂದ ಬಂತು. ಅದೇ ವಾರ ಯಲಹಂಕದ ಏರ್ ಶೋ ಪಾರ್ಕಿಂಗ್‌ನಲ್ಲಿ ಒಣ ಹುಲ್ಲಿಗೆ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟೋಯ್ತು, ಬಯಲಲ್ಲಿ, ಫೈರ್ ಇಂಜಿನ್ ಹತ್ತಿರದಲ್ಲೇ ಇರೋ ಜಾಗದಲ್ಲಿ. ಒಣ ಹುಲ್ಲಿನ ಬೆಂಕಿ ಎಷ್ಟು ಬೇಗ ಓಡುತ್ತೆ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಹಚ್ಚಿದವನು ತಪ್ಪಿತಸ್ಥನೇ, ಅದರಲ್ಲಿ ಎರಡು ಮಾತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 30ನೇ ಸೆಕ್ಷನ್ ಪ್ರಕಾರ ಅಭಯಾರಣ್ಯಕ್ಕೆ ಬೆಂಕಿ ಇಡೋದೂ ಅಪರಾಧ, ಅಪಾಯ ಆಗೋ ಹಾಗೆ ಬೆಂಕಿ ಆರಿಸ್ದೇ ಬಿಟ್ಟು ಹೋಗೋದೂ ಅಪರಾಧ, ಮೂರು ವರ್ಷದವರೆಗೆ ಜೈಲಾಗಬಹುದು. ಆದ್ರೆ ಒಂದು ಕಡ್ಡಿ ಬೆಂಕಿ ಹತ್ತು ಸಾವಿರ ಎಕರೆ ಆಗೋ ತನಕ ನಡುವೆ ಏನೇನಾಯ್ತು, ಏನೇನಾಗ್ಲಿಲ್ಲ, ಅದು ಹಚ್ಚಿದವನ ಕೈಯಲ್ಲಿರಲ್ಲ. ಅದರ ಲೆಕ್ಕ ಕೇಳೋರೇ ಕಮ್ಮಿ, ನಾನು ಇಷ್ಟುದ್ದ ಬರೀತಿರೋದೂ ಅದಕ್ಕೇನೇ.

ಮೊದಲು ಲಾಂಟಾನ, ಹೊರದೇಶದಿಂದ ಬಂದು ನಮ್ಮ ಕಾಡಲ್ಲಿ ಹಬ್ಬಿರೋ ಕಳೆ ಪೊದೆ. ನಮ್ಮ ಎಲೆ ಉದುರೋ ಕಾಡಲ್ಲಿ ಮಾಮೂಲಾಗಿ ಬೆಂಕಿ ನೆಲದಲ್ಲೇ ತರಗು, ಹುಲ್ಲು ಸುಟ್ಕೊಂಡು ಹೋಗ್ಬೇಕು. ಲಾಂಟಾನ ಪೊದೆ ಆಳೆತ್ತರಕ್ಕಿಂತ ಮೇಲೆ ಬೆಳೆದು ಮರಕ್ಕೆ ಆತುಕೊಂಡಿದ್ರೆ ಅದೇ ಏಣಿ ಆಗಿ ಬೆಂಕಿ ನೆತ್ತಿಗೇರುತ್ತೆ, ಆಮೇಲೆ ಹಸಿ ಸೊಪ್ಪು ಹಿಡ್ಕೊಂಡು ಬಡಿಯೋರು ಏನು ಮಾಡೋಕಾಗುತ್ತೆ.

ಬಿಳಿಗಿರಿರಂಗನ ಬೆಟ್ಟದ ಬುಡಕಟ್ಟು ಜನ ಸೋಲಿಗರಿಗೆ ಇದೆಲ್ಲಾ ಹೊಸದಲ್ಲ. ಅವರಲ್ಲಿ ತರಗು ಬೆಂಕಿ ಅಂತ ಪದ್ಧತಿ ಇತ್ತು, ಬೇಸಿಗೆ ಬಲಿಯೋ ಮುಂಚೆ, ನೆಲದಲ್ಲಿ ಇನ್ನೂ ತೇವ ಇರೋವಾಗಲೇ ತರಗೆಲೆಗೆ ಬೆಂಕಿ ಕೊಡೋದು, ಅದು ಮೆಲ್ಲಗೆ ತಗ್ಗಲ್ಲೇ ಉರಿದು ಆರಿಹೋಗೋದು, ಬೇಸಿಗೆ ಜೋರಾಗೋ ಹೊತ್ತಿಗೆ ಸುಡೋಕೆ ಜಾಸ್ತಿ ಏನೂ ಉಳಿದಿರ್ತಿರಲಿಲ್ಲ. 1974ರಲ್ಲಿ ಅಭಯಾರಣ್ಯ ಆದ ಮೇಲೆ ಆ ಬೆಂಕಿ ನಿಂತೋಯ್ತು. ಲಾಂಟಾನ ಹಬ್ಬಿದ್ದು, ನೆಲ್ಲಿ ಮರದ ಮೇಲೆ ಉಪ್ಪಿಲು ಅನ್ನೋ ಬದನಿಕೆ (ಮರದ ರಸ ಹೀರಿ ಬದುಕೋ ಗಿಡ) ಜಾಸ್ತಿ ಆಗಿ ಮರ ಸೊರಗಿದ್ದು, ಎಲ್ಲಾ ಬೆಂಕಿ ನಿಲ್ಲಿಸಿದ ಮೇಲೆ ಅಂತಾರೆ ಸೋಲಿಗರು, ಅವರ ಮಾತನ್ನ ಸಂಶೋಧಕರೂ ಗಂಭೀರವಾಗಿ ತಗೊಂಡಿದಾರೆ. ಹಾಗಂತ ನಾಳೆಯಿಂದಲೇ ಮತ್ತೆ ಹಚ್ಚಿ ಅಂತ ನಾನು ಹೇಳ್ತಿಲ್ಲ, ಈಗಿರೋ ಲಾಂಟಾನಕ್ಕೆ ಬೆಂಕಿ ಕೊಟ್ರೆ ಅದು ತರಗು ಬೆಂಕಿ ಆಗಿ ಉಳಿಯಲ್ಲ, ಮೊದಲು ಅದನ್ನ ಬೇರು ಸಮೇತ ಕೀಳಿಸ್ಬೇಕು, ಅದಕ್ಕೆ ದುಡ್ಡು ಬೇಕು, ಆಳು ಬೇಕು, ವರ್ಷಗಟ್ಟಲೆ ಬಿಡದೇ ಮಾಡ್ಬೇಕು. ಆ ತೀರ್ಮಾನ ಮಾಡೋದು ಸರ್ಕಾರ, ಸೋಲಿಗರಲ್ಲ.

ಇನ್ನು ಫೈರ್ ಲೈನ್. ಮಳೆಗಾಲ ಮುಗಿದ ಮೇಲೆ ಹುಲ್ಲು ಪೊದೆ ಸವರಿ, ಒಣಗಿಸಿ, ತಂಪು ಹೊತ್ತಲ್ಲಿ ಪಟ್ಟೆ ಥರ ಸುಟ್ಟು ಖಾಲಿ ಜಾಗ ಮಾಡಿ ಇಟ್ಕೊಳ್ಳೋದು, ಬೆಂಕಿ ಬಂದ್ರೆ ಅಲ್ಲಿಗೆ ನಿಲ್ಲಲಿ ಅಂತ. ಇದನ್ನ ಜನವರಿ ಒಳಗೆ ಮುಗಿಸಿದ್ರೆ ಉಪಯೋಗ, ದುಡ್ಡು ಬಿಡುಗಡೆ ಲೇಟಾಗಿ ಫೆಬ್ರವರಿಗೆ ಕೈ ಹಾಕಿದ್ರೆ ಫೈರ್ ಲೈನ್ ಮಾಡೋ ಬೆಂಕಿನೇ ಕೈ ಮೀರಬಹುದು. ಇದೆಲ್ಲಾ ಮಾಡೋರು ಯಾರು, ಬಹಳಷ್ಟು ಕಡೆ ಸೀಸನ್ನಿಗೆ ಅಂತ ತಗೊಂಡ ಫೈರ್ ವಾಚರ್‌ಗಳು, ಜೇನುಕುರುಬರು, ಸೋಲಿಗರು, ಕಾಡಂಚಿನ ಊರಿನ ಹುಡುಗರು. ಕೂಲಿ ಬಾಕಿ ಅನ್ನೋ ದೂರು ಮತ್ತೆ ಮತ್ತೆ ಕೇಳ್ತೀವಿ. ಬೆಂಕಿ ಆರಿದ ಮೇಲೂ ಅವರು ಮನೆಗೆ ಹೋಗೋ ಹಾಗಿಲ್ಲ, ಒಂದು ಒಣ ಆನೆ ಲದ್ದಿ ಒಳಗೆ ಕೆಂಡ ಉಳಿದ್ರೆ ಗಂಟೆಗಟ್ಟಲೆ ಒಳಗೊಳಗೇ ಹೊಗೆಯಾಡಿ ಗಾಳಿ ಬಂದ ತಕ್ಷಣ ಮತ್ತೆ ಹತ್ಕೊಳ್ಳುತ್ತೆ, ಬಿದ್ದ ದಿಮ್ಮಿನೂ ಹಾಗೇ, ಒಂದೊಂದನ್ನೇ ಒಡೆದು ಮಣ್ಣು ಹಾಕಿ ನೋಡ್ಕೊಂಡು ಬರ್ಬೇಕು. 2017ರಲ್ಲಿ ಬಂಡೀಪುರದಲ್ಲಿ, 2023ರಲ್ಲಿ ಸಕಲೇಶಪುರದ ಕಡೆ, ಬೆಂಕಿ ಆರಿಸೋಕೆ ಹೋದ ಗಾರ್ಡ್‌ಗಳೇ ಸುಟ್ಟು ಸತ್ತಿದಾರೆ.

ಸ್ಯಾಟಲೈಟ್ ಇದೆಯಲ್ಲ ಅಂತಾರೆ. ಇದೆ, ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಸ್ಯಾಟಲೈಟ್ ನೋಡಿ ಮೊಬೈಲ್‌ಗೆ ಅಲರ್ಟ್ ಕಳಿಸುತ್ತೆ, ಒಳ್ಳೇ ವ್ಯವಸ್ಥೆ. ಆದ್ರೆ ಆ ಸ್ಯಾಟಲೈಟ್‌ಗಳು ನಮ್ಮ ತಲೆ ಮೇಲೆ ಹಾದು ಹೋಗೋದು ದಿನಕ್ಕೆ ಕೆಲವೇ ಸಲ, ನಡುವೆ ಹೊತ್ಕೊಂಡಿದ್ದನ್ನ ಮೊದಲು ನೋಡೋದು ದಾರಿಹೋಕರೋ ವಾಚ್ ಟವರ್ ಮೇಲಿರೋ ಮನುಷ್ಯನೋ.

ಹಾಗಾಗಿ ಕಾಡು ರಸ್ತೆಯಲ್ಲಿ ಹೋಗೋವಾಗ ಹೊಗೆ ಕಂಡ್ರೆ ವಿಡಿಯೋ ಮಾಡ್ಕೊಂಡು ಸ್ಟೇಟಸ್ ಹಾಕೋ ಮೊದ್ಲು ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಪಕ್ಕದ ಕಿಲೋಮೀಟರ್ ಕಲ್ಲಿನ ನಂಬರ್ ಹೇಳಿ, ಹೊಗೆ ರಸ್ತೆಯ ಯಾವ ಕಡೆ ಇದೆ, ಗಾಳಿ ಯಾವ ಕಡೆಗೆ ಬೀಸ್ತಿದೆ ಹೇಳಿ. ಕೆಳಗಿಳಿದು ನೀವೇ ಆರಿಸೋಕೆ ಹೋಗ್ಬೇಡಿ, ಇಳಿಜಾರಲ್ಲಂತೂ ಬೆಂಕಿ ಮೇಲಕ್ಕೆ ಬರೋ ಸ್ಪೀಡಿಗೆ ಓಡೋಕಾಗಲ್ಲ.