ಗೊರಸಿನೊಳಗಿನ ದೋಣಿ ಮೂಳೆ: ಕುಂಟುವ ಕುದುರೆಗೆ ಏನಾಗಿದೆ?

ಕುದುರೆ ಸುಮ್ನೆ ನಿಂತಿದೆ. ಒಂದು ಮುಂಗಾಲನ್ನು ಸ್ವಲ್ಪ ಮುಂದೆ ಚಾಚಿ ಹಿಮ್ಮಡಿಯ ಭಾರ ಇಳಿಸಿಕೊಂಡಿದೆ. ಸ್ವಲ್ಪ ಹೊತ್ತಿಗೆ ಕಾಲು ಬದಲಿಸುತ್ತದೆ. ನಡೆಸಿದರೆ ಹೆಜ್ಜೆ ಗಿಡ್ಡ. ಮೊದಲು ಹಿಮ್ಮಡಿ ಊರಬೇಕಾದ ಗೊರಸು ತುದಿಯನ್ನು ಊರುತ್ತದೆ. ಗಟ್ಟಿ ನೆಲದಲ್ಲಿ ಸುತ್ತು ಹೊಡೆಸಿದರೆ ಒಳಬದಿಯ ಕಾಲು ಕುಂಟುತ್ತದೆ. ದಿಕ್ಕು ಬದಲಿಸಿದರೆ ಕುಂಟು ಇನ್ನೊಂದು ಕಾಲಿಗೆ ಹೋಗುತ್ತದೆ. ಎರಡೂ ಕಾಲು ನೋಯುವುದರಿಂದ ಒಂದು ಕಾಲಿನ ನೋವು ಇನ್ನೊಂದನ್ನು ಮರೆಮಾಡುತ್ತದೆ. ಹಾಗಾಗಿ ಎಷ್ಟೋ ಜನ ಭುಜ ಹಿಡಿದಿದೆ ಅಂದುಕೊಂಡು ಭುಜಕ್ಕೇ ಎಣ್ಣೆ ತಿಕ್ಕುತ್ತಾರೆ.

ನೋವಿರುವುದು ಕೆಳಗೆ, ಗೊರಸಿನ ಹಿಂಭಾಗದಲ್ಲಿ. ಅಲ್ಲಿ ಪುಟ್ಟ ದೋಣಿಯಂಥ ಒಂದು ಮೂಳೆ ಇದೆ. ನ್ಯಾವಿಕ್ಯುಲರ್ ಎಂಬ ಹೆಸರು ಬಂದದ್ದೇ ಆ ಆಕಾರದಿಂದ. ಕಾಲಿನ ಹಿಂದಿನಿಂದ ಇಳಿದು ಬರುವ ದಪ್ಪ ಸ್ನಾಯುರಜ್ಜು ಈ ಮೂಳೆಯ ಮೇಲೆ ರಾಟೆಯ ಮೇಲಿನ ಹಗ್ಗದಂತೆ ಜಾರುತ್ತದೆ. ನಡುವೆ ದ್ರವ ತುಂಬಿದ ಸಣ್ಣ ಚೀಲ. ಗೊರಸು ನೆಲ ಬಿಡುವ ಹೊತ್ತಿಗೆ ಹಗ್ಗ ಬಿಗಿಯುತ್ತದೆ, ಮೂಳೆ ನಲುಗುತ್ತದೆ.

18ನೇ ಶತಮಾನದ ನಡುವಿನಲ್ಲೇ ಇಂಗ್ಲೆಂಡಿನ ಲಾಳಗಾರ ಜೆರೆಮಯ್ಯ ಬ್ರಿಡ್ಜಸ್ ಗೊರಸಿನೊಳಗಿನ ಕೀಲಿನ ಕುಂಟಿನ ಬಗ್ಗೆ ಬರೆದಿದ್ದ. 19ನೇ ಶತಮಾನದ ಆರಂಭದಲ್ಲಿ ಪಶುವೈದ್ಯ ಜೇಮ್ಸ್ ಟರ್ನರ್ ಈ ಮೂಳೆಯ ಕಡೆಗೇ ಬೊಟ್ಟು ಮಾಡಿದ. ಆಗ ಒಳಗಿನದನ್ನು ನೋಡಬೇಕಾದರೆ ಸತ್ತ ಕುದುರೆಯ ಕಾಲು ಕೊಯ್ಯಬೇಕಿತ್ತು. ಬದುಕಿರುವ ಕುದುರೆಗೆ ಸಿಕ್ಕ ಚಿಕಿತ್ಸೆ ನರ ಕತ್ತರಿಸುವುದು. ನೋವು ತಿಳಿಯುವುದಿಲ್ಲ, ಕುದುರೆ ಮತ್ತೆ ಓಡುತ್ತದೆ. ರೋಗ ಮಾತ್ರ ಅಲ್ಲೇ ಇರುತ್ತದೆ.

1895ರಲ್ಲಿ ಎಕ್ಸ್‌ರೇ ಬಂದ ಮೇಲೆ ಮೂಳೆ ಹೊರಗಿನಿಂದಲೇ ಕಾಣತೊಡಗಿತು. ಅದರ ಅಂಚಿನಲ್ಲಿ ಲಾಲಿಪಾಪ್ ಆಕಾರದ ತೂತುಗಳು ಕಂಡರೆ ರೋಗ ಖಚಿತ ಎಂದೇ ಬಹಳ ಕಾಲ ನಂಬಿದ್ದರು. ಆದರೆ ಕೆಟ್ಟ ಎಕ್ಸ್‌ರೇ ಇರುವ ಕೆಲವು ಕುದುರೆಗಳು ಚೆನ್ನಾಗಿ ಓಡುತ್ತಿದ್ದವು. ಎಕ್ಸ್‌ರೇ ಶುದ್ಧವಿದ್ದ ಕೆಲವು ಕುಂಟುತ್ತಿದ್ದವು. ಚಿತ್ರವನ್ನಷ್ಟೇ ನೋಡಿ ಕುದುರೆಯ ಭವಿಷ್ಯ ತೀರ್ಮಾನಿಸಿದ್ದು ನನ್ನ ಪ್ರಕಾರ ಈ ಕಥೆಯ ದೊಡ್ಡ ತಪ್ಪು.

1970ರ ದಶಕದಲ್ಲಿ ಮೂಳೆಗೆ ರಕ್ತ ಸಾಲುತ್ತಿಲ್ಲ ಎಂಬ ವಾದ ಬಂತು. ರಕ್ತ ತೆಳುಮಾಡುವ ವಾರ್ಫರಿನ್ ಕೊಟ್ಟರು. ರಕ್ತಸ್ರಾವದ ಭಯ ಜಾಸ್ತಿ, ಮೇಲಿಂದ ಮೇಲೆ ರಕ್ತಪರೀಕ್ಷೆ ಬೇರೆ. ಆ ದಾರಿ ಬಹಳ ಕಾಲ ಉಳಿಯಲಿಲ್ಲ.

ನಿಜವಾಗಿ ಕಣ್ಣು ತೆರೆಸಿದ್ದು ಎಂಆರ್‌ಐ. 2000ದ ನಂತರ ಕುದುರೆ ನಿಂತಿರುವಾಗಲೇ ಗೊರಸನ್ನು ಹಾಗೆ ನೋಡುವುದು ಸಾಧ್ಯವಾಯಿತು. ನೋಡಿದರೆ ಎಷ್ಟೋ ಕಡೆ ಹರಿದಿದ್ದದ್ದು ಆ ಸ್ನಾಯುರಜ್ಜು, ಇಲ್ಲವೇ ಮೂಳೆಯನ್ನು ಹಿಡಿದಿರುವ ಕಟ್ಟುಗಳು. ನ್ಯಾವಿಕ್ಯುಲರ್ ರೋಗ ಎಂಬ ಒಂದೇ ಹೆಸರಿನಡಿ ಹಲವು ರೋಗಗಳಿದ್ದವು! ಹರಿದ ರಜ್ಜಿಗೆ ತಿಂಗಳುಗಟ್ಟಲೆ ವಿಶ್ರಾಂತಿ ಬೇಕು. ಬರೀ ಮೂಳೆಯ ತೊಂದರೆಗೆ ಹದವಾದ ನಡಿಗೆ ಒಳ್ಳೆಯದು. ಹೆಸರು ಒಂದೇ ಅಂತ ಆರೈಕೆ ಒಂದೇ ಆಗಬಾರದು, ಅಲ್ವಾ?

ಇಷ್ಟೆಲ್ಲ ಆದರೂ ಮೊದಲ ಕೆಲಸ ಲಾಳ ಹೊಡೆಯುವವರದ್ದೇ. ಉದ್ದ ಬೆಳೆದ ತುದಿ, ತಗ್ಗಿದ ಹಿಮ್ಮಡಿ ಇದ್ದರೆ ಹಗ್ಗ ಇನ್ನಷ್ಟು ಬಿಗಿಯುತ್ತದೆ. ತುದಿ ಕತ್ತರಿಸಿ, ಹಿಮ್ಮಡಿಗೆ ಆಸರೆ ಕೊಡಬೇಕು. 1999ರ ಒಂದು ಅಧ್ಯಯನದಲ್ಲಿ ಹಿಮ್ಮಡಿಯನ್ನು 6 ಡಿಗ್ರಿ ಎತ್ತರಿಸಿದಾಗ ಮೂಳೆಯ ಮೇಲಿನ ಒತ್ತಡ ಶೇ 24ರಷ್ಟು ಇಳಿದಿತ್ತು. ಹಾಗಂತ ಬೆಣೆಯಂಥ ಪ್ಯಾಡನ್ನು ವರ್ಷಗಟ್ಟಲೆ ಬಿಟ್ಟರೆ ಹಿಮ್ಮಡಿಯೇ ಜಜ್ಜಿಹೋಗಬಹುದು. 4ರಿಂದ 6 ವಾರಕ್ಕೊಮ್ಮೆ ಗೊರಸು ಕತ್ತರಿಸಲೇಬೇಕು.

ಔಷಧಿ ಆಮೇಲೆ. ನೋವಿನ ಮಾತ್ರೆ, ಕೀಲಿಗೆ ಅಥವಾ ಆ ಚೀಲಕ್ಕೆ ಚುಚ್ಚುಮದ್ದು. 2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಟಿಲುಡ್ರೋನೇಟ್, ಕ್ಲೋಡ್ರೋನೇಟ್ ಎಂಬ ಎರಡು ಮೂಳೆಯ ಔಷಧಿಗಳನ್ನು ಒಪ್ಪಿತು. 4 ವರ್ಷದೊಳಗಿನ ಕುದುರೆಗೆ ಇವನ್ನು ಕೊಡುವಂತಿಲ್ಲ. ನೋವಿನ ಮಾತ್ರೆಯ ಜೊತೆ ಕೊಟ್ಟರೆ ಕಿಡ್ನಿಗೆ ಅಪಾಯ. ನರ ಕತ್ತರಿಸುವುದು ಈಗಲೂ ಇದೆ, ಆದರೆ ಕೊನೆಯ ದಾರಿಯಾಗಿ. ಆಗ ಗೊರಸಿಗೆ ಮೊಳೆ ಚುಚ್ಚಿದರೂ ಕುದುರೆಗೆ ಗೊತ್ತಾಗದು. ದಿನಾ ಗೊರಸು ಎತ್ತಿ ನೋಡಬೇಕು. ರಜ್ಜು ಮೊದಲೇ ಹರಿದಿದ್ದರೆ ಪೂರ್ತಿ ತುಂಡಾಗುವ ಭಯವಿದೆ.

ನೀವೇ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಲಾಳ ಬದಲಿಸುವ ಮುಂಚೆ ಗಟ್ಟಿ ನೆಲದಲ್ಲಿ ಕುದುರೆಯನ್ನು ನಡೆಸಿ, ಫೋನನ್ನು ನೆಲದ ಹತ್ತಿರ ಹಿಡಿದು ನಿಧಾನಗತಿಯ ವಿಡಿಯೊ ತೆಗೆಯಿರಿ. ಹಿಮ್ಮಡಿ ಮೊದಲು ಊರಿತೋ, ತುದಿಯೋ ನೋಡಿ. ಲಾಳ ಬದಲಿಸಿ ಒಂದು ವಾರವಾದ ಮೇಲೆ ಅದೇ ನೆಲದಲ್ಲಿ ಮತ್ತೆ ತೆಗೆದು, ಎರಡನ್ನೂ ವೈದ್ಯರಿಗೂ ಲಾಳ ಹೊಡೆಯುವವರಿಗೂ ತೋರಿಸಿ.