ಎಷ್ಟು ಪರ್ಸೆಂಟ್ ಅಂತ ಕೇಳೋರಿಗೆ ಒಂದು ಐಸ್ ಹಾಕಿ ಕಥೆ

ಟೊರೊಂಟೊ ಆಸುಪಾಸಿನ ಫ್ಯಾಕ್ಟರಿ, ಗೋಡೌನ್ ಯೂನಿಯನ್‌ಗಳ ಪರವಾಗಿ ಮ್ಯಾನೇಜ್‌ಮೆಂಟ್ ಎದುರು ಕೂತು ಸಂಬಳದ ಮಾತುಕತೆ ಮಾಡೋದು ನನ್ನ ಕಸುಬು. ಮಧ್ಯರಾತ್ರಿವರೆಗೂ ಗುದ್ದಾಡಿ ಒಪ್ಪಂದ ಮಾಡ್ಕೊಂಡು ಹೊರಗೆ ಬಂದ್ರೆ ಎಲ್ಲರದ್ದೂ ಒಂದೇ ಪ್ರಶ್ನೆ, "ಎಷ್ಟು ಪರ್ಸೆಂಟ್ ಆಯ್ತು?" ಯಾವುದರ ಮೇಲೆ ಪರ್ಸೆಂಟ್ ಅಂತ ಒಬ್ರೂ ಕೇಳಲ್ಲ. ಬೇಸಿಕ್ ಮೇಲಾ, ಓಟಿ ಸೇರಿಸಿಯಾ, ನೈಟ್ ಶಿಫ್ಟ್ ಭತ್ಯೆ ಒಳಗೋ ಹೊರಗೋ, ಊಹೂಂ. ಹೋದ್ಸಲ ಯುಗಾದಿ ಊಟದಲ್ಲಿ ಪಕ್ಕ ಕೂತಿದ್ದ ಹುಡುಗ "ಅಣ್ಣಾ, ನಮ್ಗೆ 4 ಪರ್ಸೆಂಟ್, ಪಕ್ಕದ ಗೋಡೌನ್‌ನೋರಿಗೆ ಬರೀ 3" ಅಂತ ಹೋಳಿಗೆ ತಿಂತಾ ಖುಷಿಯಾಗಿ ಹೇಳ್ದ. ಪಕ್ಕದವರ 3 ಒಟ್ಟು ಗಳಿಕೆ ಮೇಲೆ, ಇವನ 4 ಬರೀ ಬೇಸಿಕ್ ಮೇಲೆ. ಹಬ್ಬದ ದಿನ ಯಾಕೆ ಅಂತ ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿ ಸುಮ್ನಾದೆ.

ಇಂಥವರಿಗೆ ನಾನು ಎನ್‌ಎಚ್‌ಎಲ್, ಅಂದ್ರೆ ಇಲ್ಲಿನ ದೊಡ್ಡ ಐಸ್ ಹಾಕಿ ಲೀಗ್, ಅದರ ಕಥೆ ಹೇಳೋದು. ಇಲ್ಲಿ ಹಾಕಿ ಅಂದ್ರೆ ಐಸ್ ಹಾಕಿನೇ, ಹೊಸದಾಗಿ ಬಂದಿಳಿದವರಿಗೂ ಮೊದಲ ಚಳಿಗಾಲ ಮುಗಿಯೋದ್ರೊಳಗೆ ಅದು ಗೊತ್ತಾಗಿರುತ್ತೆ, ಹಾಗಾಗಿ ಆಟದ ಬಗ್ಗೆ ಬರೆಯಲ್ಲ.

2004ರ ಸೆಪ್ಟೆಂಬರ್ 15ಕ್ಕೆ ಆಟಗಾರರ ಯೂನಿಯನ್ ಜೊತೆಗಿದ್ದ ಹಳೇ ಒಪ್ಪಂದ ಮುಗೀತು, ಮಾರನೇ ದಿನದಿಂದ ತಂಡಗಳ ಓನರ್‌ಗಳು ಬಾಗಿಲು ಹಾಕಿ ಆಟಗಾರರನ್ನ ಹೊರಗಿಟ್ರು, ಅದೇ ಲಾಕ್‌ಔಟ್. ಆಟಗಾರರು ಮುಷ್ಕರ ಹೂಡಿದ್ರು ಅಂತ ಈಗಲೂ ಹೇಳೋರಿದ್ದಾರೆ. ಅದು 1992ರ ಏಪ್ರಿಲ್‌ನಲ್ಲಿ, ಹತ್ತು ದಿನ ಅಷ್ಟೇ. 2004ರಲ್ಲಿ ಓನರ್‌ಗಳ ವಾದ ಏನಂದ್ರೆ ನಮಗೆ ಕೈ ಕಚ್ತಾ ಇದೆ ಅಂತ. ಅವರೇ ನೇಮಿಸಿದ ಆರ್ಥರ್ ಲೆವಿಟ್, ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆಯ ಮಾಜಿ ಮುಖ್ಯಸ್ಥ, ಲೆಕ್ಕ ನೋಡಿ 2002-03ರಲ್ಲಿ ಲೀಗ್‌ಗೆ 273 ಮಿಲಿಯನ್ ಡಾಲರ್ ನಷ್ಟ, ಆದಾಯದ ಮುಕ್ಕಾಲು ಪಾಲು ಸಂಬಳಕ್ಕೇ ಹೋಗ್ತಿದೆ ಅಂತ ವರದಿ ಕೊಟ್ಟಿದ್ರು. ಯೂನಿಯನ್ ನಂಬಲಿಲ್ಲ. ನಾನಾಗಿದ್ರೂ ಎದುರು ಪಾರ್ಟಿ ದುಡ್ಡು ಕೊಟ್ಟು ಬರೆಸಿದ ಲೆಕ್ಕಾನ ಸುಲಭಕ್ಕೆ ನಂಬ್ತಿರಲಿಲ್ಲ, ಲೆವಿಟ್ ಎಷ್ಟೇ ದೊಡ್ಡ ಮನುಷ್ಯರಾಗಿರಲಿ.

ಡಿಸೆಂಬರ್‌ನಲ್ಲಿ ಆಟಗಾರರೇ ಸಂಬಳ 24% ಇಳಿಸ್ಕೋತೀವಿ ಅಂದ್ರು, ಸಾಲ್ಲಿಲ್ಲ. ಫೆಬ್ರವರಿ ಹೊತ್ತಿಗೆ ಒಂದು ತಂಡ ಸಂಬಳಕ್ಕೆ ಗರಿಷ್ಠ ಎಷ್ಟು ಖರ್ಚು ಮಾಡಬಹುದು ಅನ್ನೋ ಮಿತಿ, ಅಂದ್ರೆ ಕ್ಯಾಪ್, ಅದರ ಮೇಲೆ ಜಗಳ ಬಂದು ನಿಂತಿತ್ತು. ಲೀಗ್ 42.5 ಮಿಲಿಯನ್ ಅಂತು, ಯೂನಿಯನ್ 49 ಅಂತು. ಫೆಬ್ರವರಿ 16ಕ್ಕೆ ಕಮಿಷನರ್ ಗ್ಯಾರಿ ಬೆಟ್‌ಮನ್ ಇಡೀ ಸೀಸನ್ನೇ ರದ್ದು ಮಾಡಿದ್ರು, 1230 ಪಂದ್ಯ ಹೋಯ್ತು. ಉತ್ತರ ಅಮೆರಿಕದ ದೊಡ್ಡ ಲೀಗ್ ಒಂದು ಸಂಬಳದ ಜಗಳಕ್ಕೆ ಪೂರ್ತಿ ಸೀಸನ್ ಕಳ್ಕೊಂಡಿದ್ದು ಅದೇ ಮೊದಲು. ಜುಲೈನಲ್ಲಿ ರಾಜಿ ಆದಾಗ ಕ್ಯಾಪ್ ಎಷ್ಟು ಗೊತ್ತಾ, 39 ಮಿಲಿಯನ್. ಮೇಲಿಂದ ಅದೇ 24% ಕಡಿತ. 42.5 ಬೇಡ ಅಂದವರು 39ಕ್ಕೆ ಸಹಿ ಹಾಕಿದ್ರು ಅಂತ ಎಲ್ಲರೂ ಆಡಿಕೊಂಡ್ರು, ಯೂನಿಯನ್ ಮುಖ್ಯಸ್ಥ ಬಾಬ್ ಗುಡೆನೋ ಆ ತಿಂಗಳೇ ಕುರ್ಚಿ ಬಿಟ್ರು.

ಈಗ ಸ್ವಲ್ಪ ನಿಧಾನಕ್ಕೆ ಓದಿ, ನನ್ನ ಕ್ಲೈಂಟ್‌ಗಳು ಜಾರಿ ಬೀಳೋದು ಇಲ್ಲೇ. ಫೆಬ್ರವರಿಯ 42.5 ಆದಾಯಕ್ಕೆ ಗಂಟು ಹಾಕದ ಸಂಖ್ಯೆ. ಜುಲೈನ 39 ಆದಾಯಕ್ಕೆ ಗಂಟು ಹಾಕಿದ್ದು, ಲೀಗ್ ಆದಾಯದಲ್ಲಿ 54% ಆಟಗಾರರಿಗೆ, ಆದಾಯ 2.7 ಬಿಲಿಯನ್ ದಾಟಿದ್ರೆ 57%. ಈ ಗಂಟು ಬೇಡವೇ ಬೇಡ ಅಂತ ಯೂನಿಯನ್ ತಿಂಗಳುಗಟ್ಟಲೆ ಹೊಡೆದಾಡಿತ್ತು, ಕೊನೆಗೆ ಅದೇ ಕೈ ಹಿಡೀತು, ಆದಾಯ ಬೆಳೆದ ಹಾಗೆ ಕ್ಯಾಪ್ ಕೂಡ ಬೆಳೀತು. ಕ್ಯಾಪ್ ಮರುವರ್ಷ 44, ಅದರ ಮುಂದಿನ ವರ್ಷ 50.3, 2011-12ಕ್ಕೆ 64.3. ಹಾಗಂತ ಸೀಸನ್ ಕಳ್ಕೊಂಡಿದ್ದೇ ಒಳ್ಳೇದಾಯ್ತು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ನನ್ನ ಬಾಯಿಗೆ ಆ ಮಾತು ತುರುಕಬೇಡಿ. ಒಂದು ವರ್ಷದ ಸಂಬಳ ಯಾರಿಗೂ ವಾಪಸ್ ಬರಲಿಲ್ಲ, ಸ್ಕಾಟ್ ಸ್ಟೀವನ್ಸ್, ಮಾರ್ಕ್ ಮೆಸಿಯರ್ ಥರದವರು ಮತ್ತೆ ಐಸ್ ಮೇಲೆ ಇಳಿಯಲೇ ಇಲ್ಲ.

ನಮ್ಮ ಹಳೇ ಮೈಸೂರು ಕಡೆಯವರಿಗಾದ್ರೆ ಇದನ್ನ ಎರಡೇ ಮಾತಲ್ಲಿ ಹೇಳಬಹುದು. ಗದ್ದೇನ ಗುತ್ತಿಗೆಗೆ ಕೊಟ್ರೆ ಮಳೆ ಬರಲಿ ಬಿಡಲಿ ಇಷ್ಟು ಅಂತ ಲೆಕ್ಕ, ವಾರಕ್ಕೆ ಕೊಟ್ರೆ ಬೆಳೆದಿದ್ರಲ್ಲಿ ಪಾಲು. ವಾರಕ್ಕೆ ಮಾಡೋ ರೈತ ಅರ್ಧ ಅಂದ ತಕ್ಷಣ ತಲೆ ಆಡಿಸಲ್ಲ, ಭತ್ತ ಸರಿ ಹುಲ್ಲು ಯಾರಿಗೆ, ಬದುವಿನ ತೆಂಗಿನಮರ ಯಾರಿಗೆ ಅಂತ ಕೇಳ್ತಾನೆ. ಇಷ್ಟು ಬುದ್ಧಿ ನಮ್ಮ ತಾತಂದಿರಿಗಿತ್ತು, ಡಿಗ್ರಿ ಮಾಡಿ ವಿಮಾನ ಹತ್ತಿದ ಮೊಮ್ಮಕ್ಕಳಿಗೆ ಇಲ್ಲ.

ಎನ್‌ಎಚ್‌ಎಲ್ ಒಪ್ಪಂದದಲ್ಲಿ ಬೆಳೆ ಅಂದ್ರೇನು ಅಂತ ಪುಟಗಟ್ಟಲೆ ಬರೆದಿದೆ, ಅದಕ್ಕೆ ಹಾಕಿ ಸಂಬಂಧಿ ಆದಾಯ ಅಂತ ಹೆಸರು. ಟಿಕೆಟ್, ಟಿವಿ ಹಕ್ಕು, ಪಾರ್ಕಿಂಗ್, ತಿಂಡಿ ಸ್ಟಾಲ್ ಎಲ್ಲಾ ಬರುತ್ತೆ, ಯಾವುದು ಎಷ್ಟು ಅಂತ ಷರತ್ತುಗಳ ಸಮೇತ. ಹೊಸ ತಂಡ ಲೀಗ್‌ಗೆ ಸೇರುವಾಗ ಕಟ್ಟೋ ಫೀಸ್ ಮಾತ್ರ ಬರಲ್ಲ. ವೇಗಸ್ 500 ಮಿಲಿಯನ್, ಸಿಯಾಟಲ್ 650 ಮಿಲಿಯನ್ ಕಟ್ಟಿದ್ವು, ಆ ದುಡ್ಡಲ್ಲಿ ಆಟಗಾರರಿಗೆ ಪಾಲಿಲ್ಲ. ಬದುವಿನ ತೆಂಗು ಓನರ್‌ಗಳದ್ದೇ.

2012ರ ಬೇಸಿಗೆಯಲ್ಲಿ ಓನರ್‌ಗಳು ಮೊದಲ ಆಫರ್ ಇಟ್ಟಾಗ ಆಟಗಾರರ ಪಾಲು 57ರಿಂದ 46ಕ್ಕೆ ಅಂತ ಸುದ್ದಿಯಾಯ್ತು. ಆದ್ರೆ ಅದೇ ಆಫರ್‌ನಲ್ಲಿ ಆದಾಯ ಅಂದ್ರೇನು ಅನ್ನೋದನ್ನೂ ಬದಲಾಯಿಸಿದ್ರು, ಹಳೇ ಲೆಕ್ಕದಲ್ಲಿ ಹಿಡಿದ್ರೆ ಅದು 43ರ ಹತ್ತಿರ ಬರ್ತಿತ್ತು. ಮೂರು ಪರ್ಸೆಂಟ್ ಎಲ್ಲಿ ಹೋಯ್ತು? ಡೆಫಿನಿಷನ್ ಪುಟದಲ್ಲಿ. ಆದಾಯ ಆಗ 3.3 ಬಿಲಿಯನ್ ಹತ್ತಿರ, ಅದರಲ್ಲಿ ಮೂರು ಪರ್ಸೆಂಟ್ ಅಂದ್ರೆ ವರ್ಷಕ್ಕೆ ಸುಮಾರು 100 ಮಿಲಿಯನ್ ಡಾಲರ್. ಆ ಸಲ ಯೂನಿಯನ್‌ಗೆ ಡೊನಾಲ್ಡ್ ಫೆರ್ ಇದ್ರು, ಬೇಸ್‌ಬಾಲ್ ಯೂನಿಯನ್‌ನಲ್ಲಿ ಪಳಗಿದ ಮನುಷ್ಯ, ಆದ್ರೂ ಲಾಕ್‌ಔಟ್ ತಪ್ಪಲಿಲ್ಲ, 2013ರ ಜನವರಿವರೆಗೆ ಎಳೀತು, 48 ಪಂದ್ಯಗಳ ಅರ್ಧ ಸೀಸನ್ ಆಯ್ತು, ಪಾಲು 50-50 ಆಯ್ತು. ಆಗೆಲ್ಲಾ ಟಿವಿಯಲ್ಲಿ ಮಿಲಿಯನೇರ್‌ಗಳ ಜಗಳ ಅಂತ ತಮಾಷೆ ಮಾಡ್ತಿದ್ರು. ಅರೆನಾದಲ್ಲಿ ಸೀಟ್ ತೋರಿಸೋರು, ಬಿಯರ್ ಮಾರೋರು, ಪಂದ್ಯ ಇದ್ರೆ ಶಿಫ್ಟ್ ಇಲ್ದಿದ್ರೆ ಇಲ್ಲ ಅನ್ನೋ ಜನ, ಅವರಿಗೆ ಯಾವ 50ರಲ್ಲೂ ಪಾಲಿರಲಿಲ್ಲ, ಅವರ ಬಗ್ಗೆ ಯಾರೂ ತಮಾಷೆನೂ ಮಾಡಲಿಲ್ಲ.

ಪಾಲು ಅಂದ ಮೇಲೆ ಎಸ್ಕ್ರೋ ಬಗ್ಗೆನೂ ಹೇಳ್ಬೇಕು. ಆಟಗಾರನ ಕಾಂಟ್ರ್ಯಾಕ್ಟ್‌ನಲ್ಲಿ ಬರೆದಿರೋ ಸಂಬಳ ಪೂರ್ತಿ ಕೈಗೆ ಬರಲ್ಲ, ಪ್ರತಿ ಚೆಕ್‌ನಲ್ಲೂ ಒಂದಿಷ್ಟು ಹಿಡಿದಿಟ್ಕೋತಾರೆ, ವರ್ಷದ ಕೊನೆಗೆ ಆದಾಯದ ಲೆಕ್ಕ ಹಾಕಿ ಒಟ್ಟು ಸಂಬಳ ಪಾಲನ್ನ ಮೀರಿದ್ರೆ ಆ ದುಡ್ಡು ಓನರ್‌ಗಳಿಗೆ. ಕೋವಿಡ್‌ನಲ್ಲಿ ಆದಾಯ ಕುಸಿದಾಗ 2020-21ಕ್ಕೆ ಇದು 20% ತನಕ ಹೋಯ್ತು, ಕ್ಯಾಪ್ 81.5ರಲ್ಲೇ ಕೂತುಬಿಡ್ತು. ಮಳೆ ಕೈಕೊಟ್ರೆ ವಾರದವನಿಗೂ ಹೊಡೆತ ಬೀಳುತ್ತೆ, ಅದನ್ನ ನಾನು ಕ್ಲೈಂಟ್‌ಗೆ ಮೊದಲೇ ಹೇಳ್ತೀನಿ, ಆಮೇಲೆ ಬಂದು ನನ್ನನ್ನ ಬೈಬಾರ್ದು ನೋಡಿ.

2025ರ ಜುಲೈನಲ್ಲಿ ಎರಡೂ ಕಡೆಯವರು ಬಾಗಿಲು ಹಾಕದೆನೇ 2030ರ ಸೆಪ್ಟೆಂಬರ್‌ವರೆಗೆ ಹೊಸ ಒಪ್ಪಂದಕ್ಕೆ ಒಪ್ಪಿದ್ರು, ಸೀಸನ್‌ಗೆ 84 ಪಂದ್ಯ, ಪಾಲು ಅದೇ 50-50. 2026-27ಕ್ಕೆ ಕ್ಯಾಪ್ 104 ಮಿಲಿಯನ್ ಅಂತೆ ಸಾರ್, ಅಬ್ಬಬ್ಬಾ ಅಂತ ಆಫೀಸಿಗೆ ಬಂದೋರೆಲ್ಲಾ ಹೇಳ್ತಾರೆ. ಹೊಸ ತಂಡಗಳು ಬಂದ್ರೆ ಅವು ಕಟ್ಟೋ ಫೀಸ್ ಯಾರಿಗೆ ಅಂತ ಕೇಳಿದವರು ಇನ್ನೂ ಸಿಕ್ಕಿಲ್ಲ. ನಿಮ್ಮ ಒಪ್ಪಂದ ನೋಡದೆ ನಾನು ಏನೂ ಹೇಳೋಕಾಗಲ್ಲ, ಪ್ರತಿಯೊಂದೂ ಬೇರೆ ಬೇರೆ ಥರ ಇರುತ್ತೆ. ಬರುವಾಗ ಪೂರ್ತಿ ತನ್ನಿ, ಪರ್ಸೆಂಟ್ ಇರೋ ಪುಟ ಒಂದನ್ನೇ ಫೋಟೋ ಹೊಡೆದು ಕಳಿಸಬೇಡಿ.